ಬ್ರಿಟನ್ನಿನ ಬಾಡಿಗೆ ಮನೆಯಲ್ಲಿ ಪ್ರೀಪೇಮೆಂಟ್ ಮೀಟರ್: ಹಣ ಹಾಕುವ ಮೊದಲು ಏನು, ಆಮೇಲೆ ಏನು

ಪ್ರೀಪೇಮೆಂಟ್ ಮೀಟರ್ ಎಂದರೆ ಮೊದಲೇ ಹಣ ತುಂಬಿಸಿ ವಿದ್ಯುತ್ತನ್ನೋ ಗ್ಯಾಸನ್ನೋ ಬಳಸುವ ಮೀಟರ್. ಓದಲೆಂದೋ ಕೆಲಸಕ್ಕೆಂದೋ ಬ್ರಿಟನ್ನಿಗೆ ಬಂದ ನಮ್ಮವರು ಬಾಡಿಗೆ ಮನೆ ಹಿಡಿದ ಮೊದಲ ವಾರದಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮೀಟರಿಗೆ ಇಪ್ಪತ್ತು ಪೌಂಡ್ ಹಾಕಿದೆ, ಐದಾರು ಪೌಂಡ್ ಮಾತ್ರ ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯಿತು?” ಉತ್ತರವೂ ಒಂದೇ. ನಿಮಗಿಂತ ಮೊದಲು ಆ ಮನೆಯಲ್ಲಿದ್ದವರ ಸಾಲಕ್ಕೆ ಹೋಯಿತು.

ನನಗೂ ಹೀಗೇ ಆಗಿತ್ತು. ಶನಿವಾರ ಸಂಜೆ ಸಾಮಾನು ಇಳಿಸಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು. ಅಡುಗೆಮನೆಯ ಡ್ರಾಯರಿನಲ್ಲಿ ಹಳೆಯ ಬಾಡಿಗೆದಾರರು ಬಿಟ್ಟುಹೋದ, ಅಂಗಡಿಯಲ್ಲಿ ಹಣ ತುಂಬಿಸಿ ಮೀಟರಿಗೆ ತೂರಿಸುವ ಪ್ಲಾಸ್ಟಿಕ್ ಕೀ ಸಿಕ್ಕಿತು. ಬೀದಿ ಕೊನೆಯ ಅಂಗಡಿಗೆ ಓಡಿ ಇಪ್ಪತ್ತು ಪೌಂಡ್ ತುಂಬಿಸಿಕೊಂಡು ಬಂದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಗ್ಗಿ, ಮೊಬೈಲ್ ಟಾರ್ಚ್ ಹಿಡಿದು ಕೀ ತೂರಿಸಿದಾಗ ಪರದೆಯ ಮೇಲೆ ಮೂಡಿದ್ದು ಆರು ಪೌಂಡ್ ಚಿಲ್ಲರೆ. ಆ ಹಣ ವಾಪಸ್ ಪಡೆಯಲು ಮೂರು ವಾರ ವಿದ್ಯುತ್ ಕಂಪನಿಗೆ ಫೋನ್ ಮಾಡಬೇಕಾಯಿತು. ಅಂಗಡಿಗೆ ಹೋಗುವ ಮೊದಲೇ ಒಂದು ಫೋನ್ ಮಾಡಿದ್ದರೆ ಅಷ್ಟೂ ತಪ್ಪುತ್ತಿತ್ತು.

ಆದ್ದರಿಂದ ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಮೊದಲು ಮೀಟರ್ ನೋಡಬೇಕು, ಆಮೇಲೆ ಫೋಟೋ, ಆಮೇಲೆ ಫೋನ್. ಹಣ ಕೊನೆಗೆ. ಇಲ್ಲಿ ಹೇಳಿರುವುದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತದೆ. ಉತ್ತರ ಐರ್ಲೆಂಡಿನ ವ್ಯವಸ್ಥೆಯೇ ಬೇರೆ.

ಕೈಯಲ್ಲಿ ಏನೇನಿರಬೇಕು

ಚಾರ್ಜ್ ಇರುವ ಮೊಬೈಲ್, ಟಾರ್ಚ್, ಒಂದು ನೋಟ್‌ಬುಕ್, ಬಾಡಿಗೆ ಕರಾರಿನ ಪ್ರತಿ. ಕರಾರಿನಲ್ಲಿ ನೀವು ಮನೆಗೆ ಬಂದ ದಿನಾಂಕ ಸ್ಪಷ್ಟವಾಗಿ ಇರಬೇಕು, ಏಕೆಂದರೆ ಮುಂದಿನ ವಾದವೆಲ್ಲ ಆ ಒಂದು ದಿನಾಂಕದ ಮೇಲೆ ನಿಂತಿದೆ. ಮೀಟರ್ ಗೂಡಿಗೆ ಬೀಗ ಇದ್ದರೆ ಅದರ ಸಣ್ಣ ತ್ರಿಕೋನಾಕಾರದ ಕೀಲಿಯನ್ನು ಮನೆ ಕೀ ಪಡೆಯುವಾಗಲೇ ಏಜೆಂಟ್ ಬಳಿ ಕೇಳಿ ಇಟ್ಟುಕೊಳ್ಳಿ.

ಹಂತ 1: ಮೀಟರ್ ಯಾವ ಬಗೆಯದು ಎಂದು ಗುರುತಿಸಿ

ಮನೆಯಲ್ಲಿ ಎರಡು ಮೀಟರ್ ಇರಬಹುದು, ವಿದ್ಯುತ್ತಿಗೊಂದು, ಗ್ಯಾಸಿಗೊಂದು. ಎರಡಕ್ಕೂ ಒಂದೇ ಕಂಪನಿ ಇರಬೇಕೆಂದಿಲ್ಲ. ಒಂದು ಪ್ರೀಪೇಮೆಂಟ್ ಆಗಿದ್ದು ಇನ್ನೊಂದು ತಿಂಗಳ ಬಿಲ್ಲಿನದಾಗಿರಲೂಬಹುದು. ಎರಡನ್ನೂ ಹುಡುಕಿ ನೋಡಿ.

ವಿದ್ಯುತ್ ಮೀಟರಿನಲ್ಲಿ ಪ್ಲಾಸ್ಟಿಕ್ ಕೀ ತೂರಿಸುವ ಕಿಂಡಿ ಇದ್ದರೆ, ಗ್ಯಾಸ್ ಮೀಟರಿನಲ್ಲಿ ಕಾರ್ಡ್ ತೂರಿಸುವ ಸೀಳು ಇದ್ದರೆ ಅವು ಹಳೆಯ ಮಾದರಿಯ ಪ್ರೀಪೇಮೆಂಟ್ ಮೀಟರ್‌ಗಳು. ಕಿಂಡಿಯೂ ಇಲ್ಲ, ಸೀಳೂ ಇಲ್ಲ, ಗುಂಡಿಗಳಿರುವ ಡಿಜಿಟಲ್ ಪರದೆ ಮಾತ್ರ ಇದ್ದರೆ ಅದು ಸ್ಮಾರ್ಟ್ ಮೀಟರ್ ಇರಬಹುದು. ಸ್ಮಾರ್ಟ್ ಮೀಟರಿಗೆ ಹಣ ಹಾಕುವುದು ಆ್ಯಪ್ ಮೂಲಕ, ಫೋನ್ ಮೂಲಕ, ಇಲ್ಲವೇ ಅಂಗಡಿಯಲ್ಲಿ ಟಾಪ್‌ಅಪ್ ಕಾರ್ಡ್ ತೋರಿಸಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಸ್ಮಾರ್ಟ್ ಮೀಟರ್ ನೋಡಲು ಪ್ರೀಪೇಮೆಂಟ್ ಮೀಟರಿನಂತೆ ಕಾಣುವುದಿಲ್ಲ. ತಿಂಗಳ ಕೊನೆಗೆ ಬಿಲ್ ಬರುತ್ತದೆ ಎಂದು ನೆಮ್ಮದಿಯಾಗಿ ಮಲಗಿರುತ್ತಾರೆ, ಮೂರನೆಯ ದಿನ ಬೆಳಗ್ಗೆ ವಿದ್ಯುತ್ ಇರುವುದಿಲ್ಲ. ಪರದೆಯ ಮೇಲೆ ಯೂನಿಟ್ ಬದಲು ಪೌಂಡ್ ಲೆಕ್ಕದಲ್ಲಿ ಉಳಿದಿರುವ ಹಣ ತೋರಿಸುತ್ತಿದ್ದರೆ ಅದನ್ನು ಪ್ರೀಪೇಮೆಂಟ್ ಎಂದೇ ಹಿಡಿದು ಮುಂದುವರಿಯಿರಿ.

ಹಂತ 2: ಎಲ್ಲ ಪರದೆಗಳ ಫೋಟೋ ತೆಗೆಯಿರಿ

ಮನೆ ಕೀ ಕೈಗೆ ಬಂದ ದಿನವೇ ಈ ಕೆಲಸ ಆಗಬೇಕು, ನಾಳೆಗೆ ಇಡಬೇಡಿ. ಪ್ರೀಪೇಮೆಂಟ್ ಮೀಟರಿನ ಪರದೆ ಒಂದೇ ಅಲ್ಲ. ಗುಂಡಿ ಒತ್ತಿದಂತೆ ಒಂದಾದ ಮೇಲೊಂದು ಬರುತ್ತದೆ. ಹಲವು ವಿದ್ಯುತ್ ಮೀಟರ್‌ಗಳಲ್ಲಿ ಆ ಗುಂಡಿ ನೀಲಿ ಬಣ್ಣದ್ದು. ಹಲವು ಗ್ಯಾಸ್ ಮೀಟರ್‌ಗಳಲ್ಲಿ ‘ಎ’ ಎಂದು ಬರೆದ ಕೆಂಪು ಗುಂಡಿ. ನಿಧಾನವಾಗಿ ಒತ್ತುತ್ತಾ ಹೋಗಿ, ಮೊದಲ ಪರದೆ ಮತ್ತೆ ಬರುವವರೆಗೆ ಪ್ರತಿಯೊಂದರ ಫೋಟೋ ತೆಗೆಯಿರಿ.

ನಿಮಗೆ ಬೇಕಾದ ಸಂಖ್ಯೆಗಳು ಇವು: ಈಗ ಉಳಿದಿರುವ ಹಣ, ಈವರೆಗೆ ಓಡಿರುವ ಒಟ್ಟು ಯೂನಿಟ್, ಬಳಸಿರುವ ಎಮರ್ಜೆನ್ಸಿ ಕ್ರೆಡಿಟ್ (ಹಣ ತೀರುವಾಗ ಮೀಟರ್ ಕೊಡುವ ಮುಂಗಡ), ಹಳೆಯ ಸಾಲದ ಮೊತ್ತ, ಆ ಸಾಲಕ್ಕೆ ವಾರಕ್ಕೆ ಎಷ್ಟು ಮುರಿದುಕೊಳ್ಳುತ್ತದೆ ಎಂಬ ದರ. ಇದರ ಜೊತೆಗೆ ಮೀಟರಿನ ಮೈಮೇಲೆ ಬಾರ್‌ಕೋಡ್ ಹತ್ತಿರ ಅಚ್ಚಾಗಿರುವ ಸರಣಿ ಸಂಖ್ಯೆ. ಕಂಪನಿಯವರು ಫೋನಿನಲ್ಲಿ ಮೊದಲು ಕೇಳುವುದು ಹೆಚ್ಚಾಗಿ ಅದನ್ನೇ.

ಸಾಲದ ಪರದೆಯಲ್ಲಿ ಸೊನ್ನೆ ಇದ್ದರೂ ನಿಶ್ಚಿಂತೆ ಬೇಡ. ಮನೆ ಖಾಲಿ ಬಿದ್ದಿದ್ದ ದಿನಗಳಲ್ಲಿಯೂ ಸ್ಟ್ಯಾಂಡಿಂಗ್ ಚಾರ್ಜ್ ಎಂಬ ದಿನದ ಸ್ಥಿರ ಶುಲ್ಕ ಏರುತ್ತಲೇ ಇರುತ್ತದೆ. ದಿನಕ್ಕೆ 50 ಪೆನ್ಸ್ ಎಂದು ಹಿಡಿದರೂ ಮನೆ 40 ದಿನ ಖಾಲಿ ಇದ್ದರೆ 20 ಪೌಂಡ್ ಆಯಿತು. ಅದರ ಮೇಲೆ ಹಿಂದಿನವರು ಬಳಸಿ ತೀರಿಸದೆ ಹೋದ ಎಮರ್ಜೆನ್ಸಿ ಕ್ರೆಡಿಟ್. ನಿಮ್ಮ ಮೊದಲ ಟಾಪ್‌ಅಪ್ ಇವೆರಡರ ಹೊಟ್ಟೆಗೇ ಹೋಗುತ್ತದೆ. ನೀವು ಬರುವ ಮುಂಚಿನ ಈ ಬಾಕಿ ಯಾವುದೂ ನಿಮ್ಮದಲ್ಲ.

ಹಂತ 3: ಮೀಟರ್ ನಿಮ್ಮ ಮನೆಯದೇ ಎಂದು ಖಚಿತಪಡಿಸಿಕೊಳ್ಳಿ

ಒಂಟಿ ಮನೆಯಾದರೆ ಈ ಹಂತ ಬಿಡಬಹುದು. ಫ್ಲ್ಯಾಟ್ ಆದರೆ ಬಿಡಲೇಬೇಡಿ. ದೊಡ್ಡ ಮನೆಯನ್ನು ಒಡೆದು ನಾಲ್ಕು ಫ್ಲ್ಯಾಟ್ ಮಾಡಿದ ಕಟ್ಟಡಗಳಲ್ಲಿ ಮೀಟರ್‌ಗಳೆಲ್ಲ ಕೆಳಗಿನ ಹಜಾರದಲ್ಲಿ ಸಾಲಾಗಿ ಇರುತ್ತವೆ. ಅವುಗಳ ಮೇಲಿನ ಚೀಟಿ ತಪ್ಪಿರುವುದು ಅಪರೂಪವೇನಲ್ಲ. ಪಕ್ಕದವರ ಫ್ರಿಜ್ ಓಡಿಸಲು ನೀವು ತಿಂಗಳುಗಟ್ಟಲೆ ಹಣ ಹಾಕುತ್ತಿರಬಹುದು.

ಪರೀಕ್ಷೆ ಸುಲಭ. ನಿಮ್ಮ ಫ್ಲ್ಯಾಟಿನ ಒಳಗಿರುವ ಫ್ಯೂಸ್ ಬಾಕ್ಸಿನ ಮೇನ್ ಸ್ವಿಚ್ ಆಫ್ ಮಾಡಿ. ಕೆಳಗಿಳಿದು ನಿಮ್ಮದೆಂದು ಹೇಳಿರುವ ಮೀಟರಿನ ಮುಂದೆ ನಿಂತು, ಮಿಣುಕುವ ಸಣ್ಣ ಕೆಂಪು ದೀಪವನ್ನು ಎರಡು ಮೂರು ನಿಮಿಷ ನೋಡಿ. ವಿದ್ಯುತ್ ಬಳಕೆಯಾಗುತ್ತಿದ್ದರೆ ದೀಪ ಮಿಣುಕುತ್ತದೆ. ನಿಮ್ಮ ಮನೆಯಲ್ಲಿ ಎಲ್ಲವೂ ಆಫ್ ಆಗಿದ್ದರೂ ಅದು ಮಿಣುಕುತ್ತಲೇ ಇದ್ದರೆ ಆ ಮೀಟರ್ ಇನ್ನೊಬ್ಬರ ಮನೆಯದಿರಬಹುದು. ವಿಡಿಯೊ ಮಾಡಿಕೊಂಡು ಕಂಪನಿಗೂ ಮಾಲೀಕರಿಗೂ ತಿಳಿಸಿ. ಪರದೆಯ ಹಣ ಇಳಿಯುತ್ತದೆಯೇ ಎಂದು ನೋಡಿ ತೀರ್ಮಾನಿಸಬೇಡಿ, ಸ್ಥಿರ ಶುಲ್ಕದಿಂದಾಗಿ ಅದು ಹೇಗೂ ಇಳಿಯುತ್ತದೆ.

ಹಂತ 4: ಪೂರೈಕೆ ಕಂಪನಿ ಯಾವುದೆಂದು ಪತ್ತೆಮಾಡಿ

ಏಜೆಂಟ್ ಹೇಳಿದ ಹೆಸರನ್ನು ನಂಬಿ ಕೂರಬೇಡಿ. ಹಿಂದಿನ ಬಾಡಿಗೆದಾರರು ಕಂಪನಿ ಬದಲಿಸಿದ್ದು ಅವರಿಗೆ ಗೊತ್ತಿರುವುದಿಲ್ಲ. ಕೀ ಮೇಲೆ ಅಚ್ಚಾಗಿರುವ ಹೆಸರೂ ಹಳೆಯದಿರಬಹುದು.

ಗ್ಯಾಸಿಗೆ ‘ಫೈಂಡ್ ಮೈ ಸಪ್ಲೈಯರ್’ ಎಂಬ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಕೊಟ್ಟರೆ ಕಂಪನಿಯ ಹೆಸರೂ ಎಂಪಿಆರ್‌ಎನ್ ಎಂಬ ಗ್ಯಾಸ್ ಸಂಪರ್ಕದ ಸಂಖ್ಯೆಯೂ ಸಿಗುತ್ತವೆ. ವಿದ್ಯುತ್ತಿಗೆ ನಿಮ್ಮ ಪ್ರದೇಶದ ತಂತಿ ಜಾಲ ನೋಡಿಕೊಳ್ಳುವ ಸಂಸ್ಥೆಯನ್ನು ಕೇಳಬೇಕು. ಲಂಡನ್ನಿನಲ್ಲಿ ಅದು ಯುಕೆ ಪವರ್ ನೆಟ್‌ವರ್ಕ್ಸ್, ಬೇರೆ ಪ್ರದೇಶಗಳಲ್ಲಿ ಬೇರೆ. ಅವರು ಕಂಪನಿಯ ಹೆಸರಿನ ಜೊತೆಗೆ ಎಂಪಿಎಎನ್ ಎಂಬ 13 ಅಂಕಿಯ ವಿದ್ಯುತ್ ಸಂಪರ್ಕದ ಸಂಖ್ಯೆಯನ್ನೂ ಕೊಡುತ್ತಾರೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಹಂತ 5: ಫೋನ್ ಮಾಡಿ, ಖಾತೆ ನಿಮ್ಮ ಹೆಸರಿಗೆ ಮಾಡಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಮನೆಗೆ ಬಂದ ದಿನದಿಂದಲೇ, ನೀವು ಯಾವುದಕ್ಕೂ ಸಹಿ ಹಾಕದಿದ್ದರೂ, ಆಗ ಪೂರೈಸುತ್ತಿರುವ ಕಂಪನಿಗೆ ಗ್ರಾಹಕರಾಗಿಬಿಡುತ್ತೀರಿ. ಆದರೆ ನೀವು ಬಂದಿರುವುದು ಅವರಿಗೆ ಗೊತ್ತಿರುವುದಿಲ್ಲ. ನೀವಾಗಿ ಹೇಳುವವರೆಗೆ ಮೀಟರ್ ಹಳೆಯವರ ಲೆಕ್ಕದಲ್ಲಿಯೇ ಓಡುತ್ತಿರುತ್ತದೆ, ಸಾಲ ಮುರಿದುಕೊಳ್ಳುತ್ತಲೇ ಇರುತ್ತದೆ.

ಫೋನಿನಲ್ಲಿ ಮಾತು ಶುರುಮಾಡುವಾಗಲೇ ಮೂರು ವಿಷಯ ಹೇಳಿಬಿಡಿ: ನೀವು ಹೊಸ ಬಾಡಿಗೆದಾರರು, ಇಂಥ ದಿನಾಂಕದಿಂದ ಜವಾಬ್ದಾರಿ ನಿಮ್ಮದು, ಮೀಟರ್ ಪ್ರೀಪೇಮೆಂಟ್. ಆಮೇಲೆ ಸರಣಿ ಸಂಖ್ಯೆ, ರೀಡಿಂಗ್ ಮತ್ತು ಪರದೆಯಲ್ಲಿ ಕಂಡ ಸಾಲದ ಮೊತ್ತ ಕೊಡಿ. ನಂತರ ಇವನ್ನು ಒಂದೊಂದಾಗಿ ಕೇಳಿ:

ಹಿಂದಿನವರ ಸಾಲವನ್ನು ಮೀಟರಿನಿಂದ ಅಳಿಸುವುದು ಹೇಗೆ, ಯಾವಾಗ? ಸ್ಮಾರ್ಟ್ ಮೀಟರ್ ಆದರೆ ಅವರು ದೂರದಿಂದಲೇ ಅಳಿಸಬಲ್ಲರು. ಹಳೆಯ ಮೀಟರ್ ಆದರೆ ಹೊಸ ಕೀ, ಹೊಸ ಕಾರ್ಡ್ ಬೇಕಾಗುತ್ತದೆ.

ಮನೆ ಖಾಲಿ ಇದ್ದ ದಿನಗಳ ಸ್ಥಿರ ಶುಲ್ಕವನ್ನೂ ಹಳೆಯ ಎಮರ್ಜೆನ್ಸಿ ಕ್ರೆಡಿಟ್ಟನ್ನೂ ತೆಗೆಯುತ್ತಾರೆಯೇ? ನೀವಾಗಿ ಕೇಳದಿದ್ದರೆ ಇದು ಹಾಗೆಯೇ ಉಳಿದುಹೋಗುತ್ತದೆ. ನಾನು ಕಂಡ ಪ್ರಕರಣಗಳಲ್ಲಿ ಅತಿ ಹೆಚ್ಚು ಹಣ ಸೋರಿರುವುದು ಇಲ್ಲಿಯೇ.

ಹೊಸ ಕೀ ಅಂಚೆಯಲ್ಲಿ ಬರುತ್ತದೆಯೇ, ಅಥವಾ ಮೊಬೈಲಿಗೆ ಕೋಡ್ ಕಳುಹಿಸಿದರೆ ಹತ್ತಿರದ ಅಂಗಡಿಯಲ್ಲಿ ಪಡೆಯಬಹುದೇ? ಕೋಡ್ ಸಾಧ್ಯವಿದ್ದರೆ ಅದನ್ನೇ ಆರಿಸಿಕೊಳ್ಳಿ. ಹೊಸ ಕೀಯನ್ನು ಮೊದಲು ಮೀಟರಿಗೆ ತೂರಿಸಬೇಕೇ, ಮೊದಲು ಅಂಗಡಿಗೆ ಒಯ್ಯಬೇಕೇ ಎಂದೂ ಕೇಳಿಕೊಳ್ಳಿ.

ಮಾತು ಮುಗಿಸುವ ಮೊದಲು ಸಾಲ ಅಳಿಸುತ್ತೇವೆ ಎಂದದ್ದನ್ನು ಇಮೇಲಿನಲ್ಲಿ ಕಳುಹಿಸಲು ಹೇಳಿ. ಕರೆಯ ಸಮಯ, ಮಾತನಾಡಿದವರ ಹೆಸರು, ಉಲ್ಲೇಖ ಸಂಖ್ಯೆ ಬರೆದಿಡಿ. ಇಂಗ್ಲಿಷಿನಲ್ಲಿ ಗಡಗಡನೆ ಮಾತನಾಡುವವರ ಎದುರು ನಮ್ಮವರು ಸಂಕೋಚಪಟ್ಟು “ಸರಿ, ಸರಿ” ಎಂದು ಫೋನ್ ಇಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಥವಾಗದಿದ್ದರೆ ನಿಧಾನವಾಗಿ ಮತ್ತೊಮ್ಮೆ ಹೇಳಿ ಎಂದು ಕೇಳಿ, ಅದು ನಿಮ್ಮ ಹಕ್ಕು.

ಮನೆಯಲ್ಲಿ ಎಳೆಗೂಸು, ವೃದ್ಧರು, ದೀರ್ಘಕಾಲದ ಕಾಯಿಲೆಯವರು ಇದ್ದರೆ ಅದೇ ಕರೆಯಲ್ಲಿ ಹೇಳಿ, ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್ ಎಂಬ, ಹೆಚ್ಚಿನ ನೆರವು ಬೇಕಾದವರ ಪಟ್ಟಿಗೆ ಹೆಸರು ಸೇರಿಸಲು ಕೇಳಿ. ಅದಕ್ಕೆ ಶುಲ್ಕವಿಲ್ಲ.

ವಾರಾಂತ್ಯದಲ್ಲಿ ಕತ್ತಲಲ್ಲಿ ಸಿಕ್ಕಿಕೊಂಡರೆ

ಕಂಪನಿಯ ಮಾಮೂಲಿ ಫೋನ್ ಮುಚ್ಚಿರಬಹುದು, ಆದರೆ ಹಲವು ಕಂಪನಿಗಳು ಪ್ರೀಪೇಮೆಂಟ್ ಗ್ರಾಹಕರಿಗೆಂದೇ ಬೇರೆ ತುರ್ತು ಸಂಖ್ಯೆ ಇಟ್ಟಿರುತ್ತವೆ. ಮೊದಲು ಅದನ್ನು ಹುಡುಕಿ. ಏನೂ ಆಗಲಿಲ್ಲ, ಮನೆಯಲ್ಲಿ ಮಗು ಚಳಿಯಲ್ಲಿ ನಡುಗುತ್ತಿದೆ ಎಂದಾದರೆ ಹಳೆಯ ಕೀಗೆ ಆ ರಾತ್ರಿಗೆ ಸಾಲುವಷ್ಟು ಮಾತ್ರ ಹಾಕಿ. ಹಾಕುವ ಮೊದಲು ಮತ್ತು ಹಾಕಿದ ಮೇಲೆ ಪರದೆಯ ಫೋಟೋ ತೆಗೆಯಿರಿ, ರಸೀದಿ ಇಟ್ಟುಕೊಳ್ಳಿ. ಸೋಮವಾರ ಬೆಳಗ್ಗೆ ಅದನ್ನು ತೋರಿಸಿ ಹಣ ವಾಪಸ್ ಕೇಳಿ.

ಹಂತ 6: ಮೊದಲ ಟಾಪ್‌ಅಪ್

ಹೊಸ ಕೀ ಬಂದಿತು, ಸಾಲ ಅಳಿಸಿದ್ದೇವೆ ಎಂಬ ಮಾತೂ ಬಂದಿತು. ಈಗಲೂ ಒಮ್ಮೆಗೇ 50 ಪೌಂಡ್ ಹಾಕಬೇಡಿ. ಮೊದಲು ಐದೋ ಹತ್ತೋ ಪೌಂಡ್ ಹಾಕಿ ನೋಡಿ. ಹಾಕಿದ್ದಷ್ಟೂ ಪರದೆಯಲ್ಲಿ ಕಂಡರೆ ಸಾಲ ನಿಜಕ್ಕೂ ಹೋಗಿದೆ. ಕಡಿಮೆ ಕಂಡರೆ ಅಲ್ಲಿಗೇ ನಿಲ್ಲಿಸಿ ಮತ್ತೆ ಫೋನ್ ಮಾಡಿ.

ಅಂಗಡಿಯ ಮುಂದೆ ಪೇಪಾಯಿಂಟ್ ಅಥವಾ ಪೇಝೋನ್ ಎಂಬ ಪಾವತಿ ಸೇವೆಯ ಫಲಕ ನೋಡಿ ಹೋಗಿ, ಇಲ್ಲವೇ ಅಂಚೆ ಕಚೇರಿಗೆ ಹೋಗಿ. ನಿಮ್ಮ ಕಂಪನಿಯ ಕೀ ಯಾವುದರಲ್ಲಿ ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡಿರಿ. ಮನೆಗೆ ಬಂದು ಕೀ ತೂರಿಸಿದ ಮೇಲೆ ಪರದೆಯಲ್ಲಿ ಹೊಸ ಮೊತ್ತ ಬರುವವರೆಗೆ ಎಳೆಯಬೇಡಿ. ಅವಸರದಲ್ಲಿ ಎಳೆದರೆ ಹಣ ಮೀಟರಿಗೆ ಇಳಿಯದೇ ಹೋಗಬಹುದು. ಕೀ ಕಿಂಡಿಯಲ್ಲಿ ಧೂಳು, ತೇವ ಇರಬಾರದು. ನಿಮ್ಮ ಕೀಯನ್ನು ಪಕ್ಕದ ಮನೆಯ ಮೀಟರಿಗೆ ಪರೀಕ್ಷೆಗೆಂದೂ ತೂರಿಸಬೇಡಿ.

ಸ್ಮಾರ್ಟ್ ಮೀಟರ್‌ನಲ್ಲಿ ಕೆಲವೊಮ್ಮೆ ಹಣ ಕಡಿತವಾಗಿಯೂ ಮೀಟರಿಗೆ ತಲುಪಿರುವುದಿಲ್ಲ. ಆಗ ರಸೀದಿಯಲ್ಲೋ ಆ್ಯಪ್‌ನಲ್ಲೋ ಇರುವ 20 ಅಂಕಿಯ ಕೋಡನ್ನು ಕೈಯಿಂದಲೇ ಒತ್ತಿ ಹಾಕಬಹುದು. ಆದ್ದರಿಂದ ಆ ರಸೀದಿ ಎಸೆಯಬೇಡಿ.

ಹಣ ತೀರಿ ಗ್ಯಾಸ್ ನಿಂತಿದ್ದರೆ, ಹಣ ಹಾಕಿದ ಮೇಲೂ ಅದು ತಾನಾಗಿ ಹರಿಯುವುದಿಲ್ಲ. ಸುರಕ್ಷತೆಗಾಗಿ ಹಾಗೆ ಮಾಡಿರುತ್ತಾರೆ. ಮೊದಲು ಒಲೆಯ ಎಲ್ಲ ತಿರುಪು, ಹೀಟರ್, ಬಾಯ್ಲರ್ ಆಫ್ ಆಗಿವೆ ಎಂದು ನೋಡಿ. ಆಮೇಲೆ ಪರದೆ ಹೇಳಿದ ಗುಂಡಿ ಒತ್ತಿ. ಬಾಯ್ಲರ್ ಆಮೇಲೂ ಹೊತ್ತಿಕೊಳ್ಳದಿದ್ದರೆ ಅದರ ರೀಸೆಟ್ ಗುಂಡಿಯನ್ನು ಒಮ್ಮೆ ಒತ್ತಬೇಕಾಗಬಹುದು.

ಹಂತ 7: ಎಮರ್ಜೆನ್ಸಿ ಕ್ರೆಡಿಟ್ ತಿಳಿದು ಬಳಸಿ

ಹಣ ತೀರುವ ಹೊತ್ತಿಗೆ ಮೀಟರ್ ಸ್ವಲ್ಪ ಮುಂಗಡ ಕೊಡುತ್ತದೆ. ಸಾಮಾನ್ಯವಾಗಿ 5ರಿಂದ 10 ಪೌಂಡ್. ಇದು ದಾನವಲ್ಲ, ಮುಂದಿನ ಟಾಪ್‌ಅಪ್‌ನಲ್ಲಿ ಮೊದಲು ಇದನ್ನೇ ಮುರಿದುಕೊಳ್ಳುತ್ತದೆ. ಹತ್ತು ಪೌಂಡ್ ಮುಂಗಡ ಬಳಸಿದವರು ಹತ್ತೇ ಪೌಂಡ್ ಹಾಕಿದರೆ ಕೈಗೆ ಸಿಗುವುದು ಸೊನ್ನೆ.

ಅನೇಕ ಮೀಟರ್‌ಗಳಲ್ಲಿ, ಮುಖ್ಯವಾಗಿ ಸ್ಮಾರ್ಟ್ ಮೀಟರ್‌ಗಳಲ್ಲಿ, ರಾತ್ರಿ, ವಾರಾಂತ್ಯ ಮತ್ತು ಸಾರ್ವಜನಿಕ ರಜೆಗಳಂದು ಹಣ ತೀರಿದರೂ ಸಂಪರ್ಕ ಕಡಿಯುವುದಿಲ್ಲ. ಇದರ ಗಂಟೆಗಳು ಕಂಪನಿಯಿಂದ ಕಂಪನಿಗೆ ಬೇರೆ. ಆ ಅವಧಿ ಮುಗಿದ ಕೂಡಲೇ ಸಂಪರ್ಕ ನಿಲ್ಲುತ್ತದೆ, ಬಳಸಿದ್ದೆಲ್ಲ ಬಾಕಿಯಾಗಿ ನಿಲ್ಲುತ್ತದೆ.

ನಿಜವಾಗಿಯೂ ಹಣವಿಲ್ಲದಿದ್ದರೆ ಕಂಪನಿಗೆ ಫೋನ್ ಮಾಡಿ ಹೆಚ್ಚುವರಿ ಕ್ರೆಡಿಟ್ ಕೇಳಿ. ಸಂಕಷ್ಟದಲ್ಲಿರುವ ಗ್ರಾಹಕರಿಗೆ ಅದನ್ನು ಒದಗಿಸಬೇಕೆಂದು ನಿಯಂತ್ರಣ ಸಂಸ್ಥೆ ಆಫ್‌ಜೆಮ್ ನಿಯಮ ಮಾಡಿದೆ. ಇಲ್ಲಿ ವೀಸಾದಲ್ಲಿರುವವರಿಗೆ ಒಂದು ಎಚ್ಚರಿಕೆ. ಕಂಪನಿ ಕೊಡುವ ಕ್ರೆಡಿಟ್ ಸರ್ಕಾರದ ನೆರವಲ್ಲ, ಅದನ್ನು ಕೇಳಲು ಹೆದರಬೇಕಿಲ್ಲ. ಆದರೆ ಸ್ಥಳೀಯ ಕೌನ್ಸಿಲ್ ಕೊಡುವ ಧನಸಹಾಯ ಬೇರೆ ಮಾತು. ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಎಂಬ ಷರತ್ತು ನಿಮ್ಮ ವೀಸಾದಲ್ಲಿದ್ದರೆ, ಅರ್ಜಿ ಹಾಕುವ ಮುನ್ನ ಉಚಿತ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನವರನ್ನು ಕೇಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅವರ ಗ್ರಾಹಕ ಸಹಾಯವಾಣಿ 0808 223 1133, ಕರೆ ಉಚಿತ.

ಬೇಸಿಗೆಯಲ್ಲಿ ಮಾಡುವ ತಪ್ಪು

ಜೂನ್‌ನಲ್ಲಿ ಹೀಟರ್ ಬೇಡ, ಗ್ಯಾಸ್ ಕಾರ್ಡನ್ನು ಡ್ರಾಯರಿಗೆ ಹಾಕಿ ಮರೆಯುತ್ತೇವೆ. ಸ್ಥಿರ ಶುಲ್ಕ ಮರೆಯುವುದಿಲ್ಲ. ಅಕ್ಟೋಬರಿನ ಮೊದಲ ಚಳಿಗೆ ಕಾರ್ಡ್ ತುಂಬಿಸಿದರೆ ಅರ್ಧ ಹಣ ಆ ನಾಲ್ಕು ತಿಂಗಳ ಶುಲ್ಕಕ್ಕೇ ಹೋಗಿರುತ್ತದೆ. ಬೇಸಿಗೆಯಲ್ಲಿಯೂ ವಾರಕ್ಕಿಷ್ಟು ಎಂದು ಹಾಕುತ್ತಿರಿ. ಕೀ ಮತ್ತು ಕಾರ್ಡಿನ ಹಳೆಯ ಮೀಟರ್‌ಗಳಿಗೆ ಇನ್ನೊಂದು ಕಾರಣವೂ ಇದೆ. ಬೆಲೆ ಬದಲಾದದ್ದು ಅವುಗಳಿಗೆ ತಲುಪುವುದು ಟಾಪ್‌ಅಪ್ ಮಾಡಿದಾಗ ಕೀ ಮೂಲಕವೇ. ಆಫ್‌ಜೆಮ್ ಬೆಲೆಯ ಮಿತಿಯನ್ನು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳಲ್ಲಿ ಬದಲಿಸುತ್ತದೆ. ಆ ತಿಂಗಳುಗಳ ಮೊದಲ ವಾರದಲ್ಲಿ ಒಮ್ಮೆಯಾದರೂ ತುಂಬಿಸಿ.

ಅಪಾಯದ ಗುರುತುಗಳು

ಗ್ಯಾಸ್ ವಾಸನೆ ಬಂದರೆ ಮೀಟರಿನ ಲೆಕ್ಕಾಚಾರವೆಲ್ಲ ಆಮೇಲೆ. ಕಿಟಕಿ ತೆರೆಯಿರಿ, ದೀಪದ ಸ್ವಿಚ್ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ, ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ಬೀದಿಗೆಲ್ಲ ಕತ್ತಲಾಗಿದ್ದರೆ ತೊಂದರೆ ಮೀಟರಿನದಲ್ಲ, ವಿದ್ಯುತ್ ಕಡಿತದ ಸಹಾಯವಾಣಿ 105ಕ್ಕೆ ಕರೆ ಮಾಡಿ.

ಪರದೆ ಪೂರ್ತಿ ಖಾಲಿಯಾಗಿದ್ದರೆ, ಸಹಾಯಕ್ಕೆ ಕರೆ ಮಾಡಿ ಎಂಬ ಸಂದೇಶ ಬಂದರೆ, ಹಣವಿದ್ದರೂ ಪೂರೈಕೆ ನಿಂತರೆ ಅದು ಮೀಟರಿನ ದೋಷವಿರಬಹುದು. ಕಂಪನಿಗೆ ತಿಳಿಸಿ. ಪ್ರೀಪೇಮೆಂಟ್ ಮೀಟರ್ ಕೆಟ್ಟು ಪೂರೈಕೆ ನಿಂತರೆ ಕೆಲಸದ ದಿನಗಳಲ್ಲಿ 3 ಗಂಟೆಯೊಳಗೆ, ರಜಾದಿನಗಳಲ್ಲಿ 4 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂಬ ನಿಯಮವಿದೆ. ಈ ಗಂಟೆಗಳು ಹಗಲಿನ ನಿಗದಿತ ಸಮಯದಲ್ಲಿ ದೂರು ಕೊಟ್ಟರೆ ಅನ್ವಯ, ಆದ್ದರಿಂದ ರಾತ್ರಿಯವರೆಗೆ ಕಾಯದೆ ಕಂಡ ತಕ್ಷಣ ಹೇಳಿ. ಮೀಟರಿನ ಸೀಲ್ ಒಡೆದಿದ್ದರೆ, ತಂತಿ ಹೊರಗೆ ಕಾಣುತ್ತಿದ್ದರೆ, ಸುಟ್ಟ ಗುರುತಿದ್ದರೆ ಮುಟ್ಟಲೇಬೇಡಿ. ಫೋಟೋ ತೆಗೆದು ಮೊದಲ ದಿನವೇ ತಿಳಿಸಿ, ಇಲ್ಲವಾದರೆ ನೀವೇ ಕೈ ಹಾಕಿದಿರಿ ಎಂಬ ಮಾತು ಬರುತ್ತದೆ.

ಬೀದಿಯಲ್ಲಿ ಯಾರಾದರೂ ಅರ್ಧ ಬೆಲೆಗೆ ಟಾಪ್‌ಅಪ್ ಮಾಡಿಕೊಡುತ್ತೇನೆ ಎಂದರೆ ಅದು ಮೋಸ. ಕೊಟ್ಟ ಹಣವೂ ಹೋಗುತ್ತದೆ, ಬಳಸಿದ್ದಕ್ಕೆ ಕಂಪನಿ ಮತ್ತೆ ವಸೂಲಿ ಮಾಡುತ್ತದೆ.

ಹಂತ 8: ಪ್ರೀಪೇಮೆಂಟ್ ಬೇಡವೆಂದಾದರೆ

ಬಿಲ್ ಕಟ್ಟುವವರು ನೀವೇ ಆಗಿದ್ದರೆ ಕಂಪನಿ ಬದಲಿಸುವ ಹಕ್ಕು ನಿಮ್ಮದು. ಮನೆಗೆ ಬಂದಾಗ ತಾನಾಗಿ ಅಂಟಿಕೊಂಡ ಕರಾರಿನಿಂದ ಹೊರಬರಲು ದಂಡ ಕಟ್ಟಬೇಕಿಲ್ಲ. ಬದಲಾವಣೆ ಸಾಮಾನ್ಯವಾಗಿ 5 ಕೆಲಸದ ದಿನಗಳಲ್ಲಿ ಮುಗಿಯುತ್ತದೆ.

ಸ್ಮಾರ್ಟ್ ಮೀಟರ್ ಆದರೆ ಮೀಟರನ್ನೇ ಬದಲಿಸಬೇಕಿಲ್ಲ, ಕಂಪನಿಯವರು ದೂರದಿಂದಲೇ ಅದನ್ನು ತಿಂಗಳ ಬಿಲ್ಲಿನ ಪದ್ಧತಿಗೆ ಹೊರಳಿಸಬಲ್ಲರು. ಹಳೆಯದಾದರೆ ಮೀಟರ್ ಬದಲಿಸಬೇಕು. ಅದಕ್ಕೆ ಮುನ್ನ ಕರಾರು ಓದಿ, ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಮನೆ ಬಿಡುವಾಗ ಮತ್ತೆ ಹಳೆಯ ಮೀಟರ್ ಹಾಕಿಸಿ ಎನ್ನುವ ಮಾಲೀಕರಿದ್ದಾರೆ.

ಕಂಪನಿ ನಿಮ್ಮ ಸಾಲದ ಇತಿಹಾಸ ನೋಡಬಹುದು, ಠೇವಣಿ ಕೇಳಬಹುದು. ಈಗಷ್ಟೇ ಬಂದವರಿಗೆ ಈ ದೇಶದಲ್ಲಿ ಅಂಥ ಇತಿಹಾಸವೇ ಇರುವುದಿಲ್ಲ. ಹಾಗಾಗಿ ನಿರಾಕರಿಸಿದರೆ ಎದೆಗುಂದದೆ, ಕೆಲವು ತಿಂಗಳು ಬ್ಯಾಂಕ್ ಖಾತೆ, ಮೊಬೈಲ್ ಬಿಲ್ ಸರಿಯಾಗಿ ನಡೆಸಿ ಮತ್ತೆ ಕೇಳಿ. ಅಷ್ಟು ದಿನ ದೊಡ್ಡ ನಷ್ಟವೇನೂ ಇಲ್ಲ, 2024ರ ಏಪ್ರಿಲ್‌ನಿಂದ ಪ್ರೀಪೇಮೆಂಟ್‌ನವರ ಸ್ಥಿರ ಶುಲ್ಕವನ್ನು, ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಪಾವತಿಯಾಗುವ ಡೈರೆಕ್ಟ್ ಡೆಬಿಟ್‌ನವರದರ ಮಟ್ಟಕ್ಕೆ ತಂದಿದ್ದಾರೆ.

ಸಾಲ ಅಳಿಸಲು ಕಂಪನಿ ಒಪ್ಪದಿದ್ದರೆ ಮೊದಲು ಬರವಣಿಗೆಯಲ್ಲಿ ದೂರು ಕೊಡಿ, ದಿನಾಂಕ ಬರೆದಿಡಿ. 8 ವಾರ ಕಳೆದರೂ ಬಗೆಹರಿಯದಿದ್ದರೆ, ಗ್ರಾಹಕರ ಮತ್ತು ಕಂಪನಿಗಳ ನಡುವಿನ ತಕರಾರು ತೀರ್ಮಾನಿಸುವ ಎನರ್ಜಿ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಖರ್ಚಿಲ್ಲ, ವಕೀಲರು ಬೇಡ. ಮೊದಲ ದಿನ ತೆಗೆದ ಫೋಟೋಗಳು ಮತ್ತು ಬಾಡಿಗೆ ಕರಾರು ಅಲ್ಲಿ ನಿಮ್ಮ ಸಾಕ್ಷಿ.

ಹಂತ 9: ಮನೆ ಬಿಡುವ ದಿನ

ಎರಡು ವಾರ ಮೊದಲೇ ಟಾಪ್‌ಅಪ್ ಮೊತ್ತ ಇಳಿಸುತ್ತಾ ಬನ್ನಿ. ಹೊರಡುವ ದಿನ ಪರದೆಗಳ ಫೋಟೋ ಮತ್ತೆ ತೆಗೆದು, ಕಂಪನಿಗೆ ಕೊನೆಯ ರೀಡಿಂಗನ್ನೂ ಹೊಸ ವಿಳಾಸವನ್ನೂ ಕೊಡಿ, ಉಳಿದ ಹಣ ವಾಪಸ್ ಕೇಳಿ. ಬಳಸಿದ ಎಮರ್ಜೆನ್ಸಿ ಕ್ರೆಡಿಟ್ ತೀರಿಸಿ. ಕೀಯನ್ನೂ ಕಾರ್ಡನ್ನೂ ಮೀಟರ್ ಪಕ್ಕದಲ್ಲಿಯೇ ಇಟ್ಟು, “ಇದಕ್ಕೆ ಹಣ ತುಂಬುವ ಮೊದಲು ಕಂಪನಿಗೆ ಫೋನ್ ಮಾಡಿ” ಎಂದು ಒಂದು ಚೀಟಿ ಅಂಟಿಸಿ.